ಅರವತ್ತಾಯಿತೇ? ಹಾಗಾದರೆ ಇನ್ನೊಂದು ಭಾಷೆ ಕಲಿಯಿರಿ

ನಮ್ಮ ಊರುಗಳಲ್ಲಿ ಎರಡು ಗಾದೆಗಳು ಓಡಾಡುತ್ತಿವೆ. ಒಂದು, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಇನ್ನೊಂದು, ‘ಅರವತ್ತಕ್ಕೆ ಅರಳು ಮರಳು.’ ಮೊದಲನೆಯದನ್ನು ಹೇಳಿ ಹಿರಿಯರಿಗೆ ಏನನ್ನಾದರೂ ಕಲಿಸುವುದನ್ನು ನಿಲ್ಲಿಸಿದ್ದೇವೆ. ಎರಡನೆಯದನ್ನು ಹೇಳಿ ಅವರ ಮಾತು ಕೇಳುವುದನ್ನೇ ನಿಲ್ಲಿಸಿದ್ದೇವೆ.

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಈ ಎರಡು ಗಾದೆಗಳ ಮಟ್ಟಿಗೆ ನಾವು ಅದನ್ನು ಒಪ್ಪುವುದಿಲ್ಲ. ಇವು ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಇವು ನಮ್ಮ ಅಜ್ಜ ಅಜ್ಜಿಯರಿಗೆ ಹಾನಿ ಮಾಡುತ್ತಿವೆ. ಅದಕ್ಕೇ ಈ ಬರಹ.

ನಮ್ಮ ವಾದ ಇಷ್ಟೇ: ಐವತ್ತು, ಅರವತ್ತು, ಎಪ್ಪತ್ತು ದಾಟಿದವರೂ ಹೊಸ ಭಾಷೆ ಕಲಿಯಬಲ್ಲರು. ಕಲಿತರೆ ಅವರ ಮೆದುಳಿಗೆ ಒಳ್ಳೆಯದು. ಅದಕ್ಕೆ ಇಂಗ್ಲಿಷೇ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಬೇಕಾದದ್ದು ಮನೆಯವರ ಸ್ವಲ್ಪ ತಾಳ್ಮೆ, ಪಂಚಾಯಿತಿಯ ಸ್ವಲ್ಪ ಮನಸ್ಸು.

‘ವಯಸ್ಸಾಯ್ತಲ್ಲ’ ಅನ್ನುವ ಮಾತಿನ ಬೆಲೆ

ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತರೆ ‘ವಯಸ್ಸಾಯ್ತಲ್ಲ’ ಅನ್ನುತ್ತೇವೆ. ಅಜ್ಜ ತೋಟದಿಂದ ಮನೆಗೆ ಬರುವ ದಾರಿ ತಪ್ಪಿದರೂ ‘ವಯಸ್ಸಾಯ್ತಲ್ಲ’ ಅನ್ನುತ್ತೇವೆ. ಎರಡೂ ಒಂದೇ ಅಲ್ಲ. ಮೊದಲನೆಯದು ಯಾರಿಗಾದರೂ ಆಗುವ ಮರೆವು. ಎರಡನೆಯದು ಡಿಮೆನ್ಶಿಯಾದ ಲಕ್ಷಣ ಇರಬಹುದು. ಕನ್ನಡದಲ್ಲಿ ಮರೆಗುಳಿ ಕಾಯಿಲೆ ಅನ್ನುತ್ತೇವೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದೇ ಅಂದಾಜಿನ ಪ್ರಕಾರ ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಅಂದರೆ ಇದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಸಮಸ್ಯೆ ಅಂದುಕೊಂಡು ನಾವು ಕೈಕಟ್ಟಿ ಕೂರುವಂತಿಲ್ಲ. ಇದು ನಮ್ಮ ಜಗಲಿಯ ಸಮಸ್ಯೆ.

ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಹಾಗಿರುವಾಗ ಅದು ಬರುವುದನ್ನು ನಾಲ್ಕು ವರ್ಷ ಮುಂದಕ್ಕೆ ಹಾಕುವ ಸಾಧ್ಯತೆ ಇದೆ ಅಂದರೆ ಅದೇನು ಸಣ್ಣ ಮಾತೇ? ನಾಲ್ಕು ವರ್ಷ ಅಂದರೆ ಮೊಮ್ಮಗಳ ಹೈಸ್ಕೂಲು ಮುಗಿಯುವಷ್ಟು ಕಾಲ. ನಾಲ್ಕು ವರ್ಷ ಅಜ್ಜಿ ತನ್ನ ಮಕ್ಕಳ ಹೆಸರು ಹಿಡಿದು ಕರೆಯಬಲ್ಲಳು.

ಹೈದರಾಬಾದಿನಲ್ಲಿ ಕಂಡದ್ದು

ಈ ನಾಲ್ಕು ವರ್ಷದ ಲೆಕ್ಕ ನಮ್ಮದಲ್ಲ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಡಿಮೆನ್ಶಿಯಾ ಇದ್ದ 648 ಮಂದಿಯನ್ನು ಗಮನಿಸಿತು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆಯ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಇದು ಪ್ರಕಟವಾದದ್ದು 2013ರಲ್ಲಿ. ಡಾ. ಅಲ್ಲಾಡಿ ಆಮೇಲೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು.

ಇದಕ್ಕೂ ಮೊದಲು ಕೆನಡಾದ ಟೊರಾಂಟೊದಲ್ಲಿ ಇಂಥದೇ ಫಲಿತಾಂಶ ಬಂದಿತ್ತು. ಆದರೆ ಅಲ್ಲಿ ಎರಡು ಭಾಷೆ ಬಲ್ಲವರಲ್ಲಿ ಹೆಚ್ಚಿನವರು ಹೊರದೇಶದಿಂದ ಬಂದವರು. ಹಾಗಾಗಿ ಭಾಷೆಯ ಲಾಭ ಯಾವುದು, ವಲಸೆ ಬಂದವರ ಗಟ್ಟಿತನ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು. ಹೈದರಾಬಾದಿನಲ್ಲಿ ಆ ತೊಡಕಿಲ್ಲ. ಅಲ್ಲಿ ಹುಟ್ಟಿ ಬೆಳೆದವರೇ ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು ಭಾಷೆ ಆಡುತ್ತಾರೆ. ತೆಲುಗು, ದಖ್ಖನಿ ಉರ್ದು, ಹಿಂದಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳುತ್ತವೆ.

ನಾವು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ಸಂಗತಿ ಬೇರೆ ಇದೆ. ಆ 648 ಮಂದಿಯಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಇದ್ದರು. ಅಕ್ಷರ ಬಾರದವರಲ್ಲೂ ಎರಡು ಭಾಷೆ ಬಲ್ಲವರಿಗೆ ಅದೇ ಲಾಭ ಕಂಡಿತು. ಇದನ್ನು ಓದಿದ ಮೇಲೆ ನಮ್ಮ ಊರಿನವರನ್ನು ನೋಡುವ ದೃಷ್ಟಿಯೇ ಬದಲಾಗಬೇಕು. ತಾಂಡಾದಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ, ಗುಳೆ ಹೋದಲ್ಲಿ ಮರಾಠಿ ಮಾತಾಡುವ ಹೆಂಗಸನ್ನು ‘ಏನೂ ಕಲಿತಿಲ್ಲ’ ಎಂದು ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಮನೆಯಲ್ಲಿ ಬ್ಯಾರಿ, ಗದ್ದೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಆಡುವವನ ಎದುರು ‘ಓದು ಎಷ್ಟು?’ ಎಂದು ಕೇಳುವ ಕಾಲಂ ಒಂದೇ ಇರುತ್ತದೆ. ‘ಭಾಷೆ ಎಷ್ಟು?’ ಎಂದು ಕೇಳುವ ಕಾಲಂ ಇರುವುದಿಲ್ಲ.

ಅದೇ ತಂಡ 2016ರಲ್ಲಿ ಪಾರ್ಶ್ವವಾಯು ಬಡಿದ 608 ಮಂದಿಯ ಲೆಕ್ಕ ಕೊಟ್ಟಿತು. ಹೊಡೆತದ ನಂತರವೂ ನೆನಪು, ಯೋಚನೆಯ ಶಕ್ತಿ ಸರಿಯಾಗಿ ಉಳಿದವರು ಒಂದೇ ಭಾಷೆಯವರಲ್ಲಿ ನೂರಕ್ಕೆ ಸುಮಾರು 20. ಹೆಚ್ಚು ಭಾಷೆಯವರಲ್ಲಿ ನೂರಕ್ಕೆ ಸುಮಾರು 40.

ಇದು ಹೇಗೆ?

ಎರಡು ಭಾಷೆ ಬಲ್ಲವರ ತಲೆಯಲ್ಲಿ ಎರಡೂ ಭಾಷೆ ಸದಾ ಎಚ್ಚರವಾಗಿಯೇ ಇರುತ್ತವೆ. ಒಂದನ್ನು ಆಡುವಾಗ ಇನ್ನೊಂದನ್ನು ತಡೆದು ಹಿಡಿಯಬೇಕು. ಹಟ್ಟಿಯಲ್ಲಿ ಎರಡು ಕರು ಇವೆ ಅಂದುಕೊಳ್ಳಿ. ಒಂದನ್ನು ಹಾಲಿಗೆ ಬಿಡುವಾಗ ಇನ್ನೊಂದರ ಹಗ್ಗ ಕೈಯಲ್ಲಿ ಬಿಗಿಯಾಗಿರಬೇಕು. ದಿನಾ ಹೀಗೆ ಮಾಡಿದರೆ ಕೈಗೆ ಬಲ ಬರುತ್ತದೆ. ಮೆದುಳಿಗೂ ಹಾಗೆಯೇ. ಗಮನ ಇಡುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಶಕ್ತಿಗೆ ಇದು ದಿನನಿತ್ಯದ ವ್ಯಾಯಾಮ.

ವಿಜ್ಞಾನಿಗಳು ಇನ್ನೊಂದು ವಿಷಯ ಹೇಳುತ್ತಾರೆ. ಜೀವನವಿಡೀ ಕಲಿಯುತ್ತಾ ಇದ್ದರೆ ಮೆದುಳಿನಲ್ಲಿ ಒಂದು ದಾಸ್ತಾನು ಬೆಳೆಯುತ್ತದಂತೆ. ಬರ ಎರಡು ಊರಿಗೂ ಬರುತ್ತದೆ. ಆದರೆ ಕೆರೆ ತುಂಬಿರುವ ಊರಿಗೆ ಅದು ತಡವಾಗಿ ತಟ್ಟುತ್ತದೆ. ಭಾಷೆ ಕಲಿತರೆ ಕಾಯಿಲೆ ಬರುವುದೇ ಇಲ್ಲ ಅಂತಲ್ಲ. ಬಂದ ಕಾಯಿಲೆಯನ್ನು ಮೆದುಳು ಹೆಚ್ಚು ಕಾಲ ತಾಳಿಕೊಳ್ಳುತ್ತದೆ.

‘ಚಿಕ್ಕಂದಿನಲ್ಲಿ ಕಲಿತವರ ಕಥೆ ಅದು, ನಮಗೇನು?’

ಈ ಪ್ರಶ್ನೆ ನ್ಯಾಯವಾದದ್ದೇ. ಹೈದರಾಬಾದಿನವರು ಬಾಲ್ಯದಿಂದ ಎರಡು ಭಾಷೆಯ ನಡುವೆ ಬೆಳೆದವರು. ಅರವತ್ತಕ್ಕೆ ಶುರು ಮಾಡುವವರಿಗೆ ಏನು ಸಿಗುತ್ತದೆ?

ಉತ್ತರ ಸ್ಕಾಟ್ಲೆಂಡಿನಲ್ಲಿದೆ. 1936ರಲ್ಲಿ ಹುಟ್ಟಿದ ಅಲ್ಲಿನ ಮಕ್ಕಳಿಗೆ 1947ರಲ್ಲಿ, 11ನೇ ವಯಸ್ಸಿನಲ್ಲಿ ಬುದ್ಧಿಶಕ್ತಿಯ ಪರೀಕ್ಷೆ ಮಾಡಿದ್ದರು. ಅವರಲ್ಲಿ 853 ಮಂದಿಯನ್ನು ಎಪ್ಪತ್ತರ ಆಸುಪಾಸಿನಲ್ಲಿ, 2008ರಿಂದ 2010ರ ನಡುವೆ, ಮತ್ತೆ ಪರೀಕ್ಷಿಸಿದರು. ಎರಡನೇ ಭಾಷೆ ಕಲಿತವರು ತಮ್ಮ ಬಾಲ್ಯದ ಅಂಕಗಳಿಂದ ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ಮಾಡಿದ್ದರು. 18 ದಾಟಿದ ಮೇಲೆ ಭಾಷೆ ಕಲಿತವರೂ ಇವರಲ್ಲಿ ಇದ್ದರು, ಅವರಿಗೂ ಲಾಭ ಆಗಿತ್ತು. ‘ಬುದ್ಧಿವಂತರೇ ಭಾಷೆ ಕಲಿಯುತ್ತಾರೆ, ಅದರಲ್ಲೇನು ವಿಶೇಷ’ ಎಂದು ಮೂಗು ಮುರಿಯುವವರಿಗೆ ಇದು ಉತ್ತರ. ಬಾಲ್ಯದ ಬುದ್ಧಿಯ ಲೆಕ್ಕ ಮೊದಲೇ ಕೈಯಲ್ಲಿತ್ತು. ಅದನ್ನು ಕಳೆದ ಮೇಲೂ ಲಾಭ ಉಳಿಯಿತು.

ಅದೇ ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಗೇಲಿಕ್ ಎಂಬ ಹಳೆಯ ಭಾಷೆಯನ್ನು ಒಂದು ವಾರ ಕಲಿಸುವ ಶಿಬಿರ ನಡೆಯುತ್ತದೆ. ಶಿಬಿರಕ್ಕೆ ಬಂದವರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ 18ರಿಂದ 78 ವರ್ಷದವರೆಗಿನವರು ಇದ್ದರು. ಒಂದೇ ವಾರದಲ್ಲಿ ಅವರ ಗಮನ ಹೊರಳಿಸುವ ಶಕ್ತಿ ಸುಧಾರಿಸಿತು, ವಯಸ್ಸಾದವರದ್ದೂ ಸುಧಾರಿಸಿತು. ಒಂಬತ್ತು ತಿಂಗಳ ಬಳಿಕ ಮತ್ತೆ ನೋಡಿದಾಗ, ವಾರಕ್ಕೆ ಐದು ಗಂಟೆಯಾದರೂ ಅಭ್ಯಾಸ ಮಾಡುತ್ತಿದ್ದವರಲ್ಲಿ ಆ ಸುಧಾರಣೆ ಉಳಿದಿತ್ತು. ಇದು ಸಣ್ಣ ಅಧ್ಯಯನ, ನಿಜ. ಆದರೆ ಬಾಗಿಲು ಮುಚ್ಚಿಲ್ಲ ಎಂದು ತೋರಿಸಲು ಸಾಕು.

ಕಲಿಯುವ ವೇಗದ ಬಗ್ಗೆಯೂ ಒಂದು ಮಾತು. ಉಚ್ಚಾರಣೆಯಲ್ಲಿ ಮಕ್ಕಳು ಗೆಲ್ಲುತ್ತಾರೆ. ದೀರ್ಘ ಕಾಲದಲ್ಲಿ ವ್ಯಾಕರಣದಲ್ಲೂ ಗೆಲ್ಲುತ್ತಾರೆ. ಆದರೆ ಮೊದಲ ತಿಂಗಳುಗಳಲ್ಲಿ ಪದ, ವಾಕ್ಯ ಹಿಡಿಯುವುದರಲ್ಲಿ ದೊಡ್ಡವರೇ ಪುಟ್ಟ ಮಕ್ಕಳಿಗಿಂತ ಮುಂದಿರುತ್ತಾರೆ ಎಂದು 1970ರ ದಶಕದಲ್ಲೇ ನೆದರ್ಲೆಂಡ್ಸ್‌ನಲ್ಲಿ ಕಂಡುಕೊಂಡಿದ್ದರು. ದೊಡ್ಡವರಿಗೆ ಲೋಕ ಗೊತ್ತು. ಹೊಸ ಪದವನ್ನು ತೂಗುಹಾಕಲು ಅವರ ತಲೆಯಲ್ಲಿ ಗೂಟಗಳು ಆಗಲೇ ಇರುತ್ತವೆ.

ನಮ್ಮ ಮನೆಯಲ್ಲೇ ಸಾಕ್ಷಿ ಇದೆ

ವಿದೇಶದ ಮಾತು ಸಾಕು ಅನ್ನುತ್ತೀರಾ? ಗಡಿಯ ಕಡೆ ಹೋಗಿ ನೋಡಿ. ಬೆಳಗಾವಿ ಕಡೆ, ಬೀದರ್ ಕಡೆ, ರಾಯಚೂರು ಕಡೆ, ಕಾಸರಗೋಡು ಕಡೆ, ಮದುವೆಯಾಗಿ ಬಂದ ಸೊಸೆಯರು ಬಂದ ಮನೆಯ ಭಾಷೆ ಕಲಿತಿದ್ದಾರೆ. ಯಾವ ಕ್ಲಾಸೂ ಇಲ್ಲ, ಪುಸ್ತಕವೂ ಇಲ್ಲ. ಅತ್ತೆಯ ಬೈಗುಳವೇ ಪಾಠ, ನಾದಿನಿಯ ನಗುವೇ ಪರೀಕ್ಷೆ. ಒಂದು ವರ್ಷದಲ್ಲಿ ಅದೇ ಭಾಷೆಯಲ್ಲಿ ತಿರುಗಿ ಜಗಳ ಆಡುವಷ್ಟು ಕಲಿತಿರುತ್ತಾರೆ! ಈ ಸಾಧನೆಗೆ ಯಾರಾದರೂ ಒಂದು ಚಪ್ಪಾಳೆ ತಟ್ಟಿದ್ದಾರೆಯೇ? ಅದೇ ಹೆಂಗಸು ಅರವತ್ತಕ್ಕೆ ಬಂದಾಗ ‘ಅವಳಿಗೇನು ತಿಳಿಯುತ್ತೆ’ ಅನ್ನುತ್ತೇವೆ.

ಹರ್ಮನ್ ಗುಂಡರ್ಟನ ಜೊತೆಗಾರರ ಕಾಲದ ಮಿಷನರಿ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಹುಟ್ಟಿ, 1853ರಲ್ಲಿ ನಮ್ಮ ಕರಾವಳಿಗೆ ಬಂದವರು. ಕನ್ನಡ ಅವರ ತೊಟ್ಟಿಲ ಭಾಷೆಯಲ್ಲ, ಇಪ್ಪತ್ತು ದಾಟಿದ ಮೇಲೆ ಕಲಿತದ್ದು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಆಗ ಅವರಿಗೆ 62. ನಮ್ಮ ಗಾದೆಯ ಪ್ರಕಾರ ಅರಳು ಮರಳು ಶುರುವಾಗಿ ಎರಡು ವರ್ಷ ಆಗಿರಬೇಕಿತ್ತು!

ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ತೆಗೆದರು. ಅವರು ಕಲಿತದ್ದು ಅಕ್ಷರ, ಹೊಸ ಭಾಷೆಯಲ್ಲ. ಆದರೆ ಮರ ಬಗ್ಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಅದು ಸಾಕಷ್ಟು ಉತ್ತರ.

ಎದುರು ಹೇಳುವವರಿಗೂ ಕಿವಿಗೊಡೋಣ

ನಾವು ಪತ್ರಿಕೋದ್ಯಮ ಓದಿದವರು. ನಮ್ಮ ಕಡೆಯ ಸಾಕ್ಷಿಯನ್ನಷ್ಟೇ ಹೇಳಿ ಓಡುವುದು ಸರಿಯಲ್ಲ. ನ್ಯೂಯಾರ್ಕ್‌ನಲ್ಲಿ ಸ್ಪ್ಯಾನಿಷ್ ಆಡುವ ಸಾವಿರಕ್ಕೂ ಹೆಚ್ಚು ಹಿರಿಯ ವಲಸಿಗರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2014ರಲ್ಲಿ ಬಂತು. ಅಲ್ಲಿ ಎರಡು ಭಾಷೆ ಬಲ್ಲವರಿಗೆ ಡಿಮೆನ್ಶಿಯಾ ತಡವಾದದ್ದು ಕಾಣಲಿಲ್ಲ. ವಿಜ್ಞಾನಿಗಳ ನಡುವೆ ಈ ಜಗಳ ಇನ್ನೂ ಮುಗಿದಿಲ್ಲ. ಹಾಗಾಗಿ ‘ಭಾಷೆ ಕಲಿಯಿರಿ, ಮರೆಗುಳಿ ಕಾಯಿಲೆ ಓಡಿಸಿ’ ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಅಷ್ಟು ಗ್ಯಾರಂಟಿ ಯಾರೂ ಕೊಡುವಂತಿಲ್ಲ.

ಇನ್ನೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಬ್ಬರಿಗೆ ಈ ಕಾಯಿಲೆ ಬಂದಿದ್ದರೆ ಅದು ಅವರ ಸೋಮಾರಿತನದಿಂದ ಬಂದದ್ದಲ್ಲ. ಐದು ಭಾಷೆ ಬಲ್ಲವರಿಗೂ ಬರುತ್ತದೆ. ಹಾಗೆ ಬಂದ ಮನೆಯವರನ್ನು ಚುಚ್ಚಲು ಈ ಬರಹವನ್ನು ಯಾರೂ ಬಳಸಬಾರದು.

ಆದರೆ ನಮ್ಮ ಲೆಕ್ಕ ನೋಡಿ. ಭಾಷೆ ಕಲಿತರೆ ಕಾಯಿಲೆ ತಡವಾಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ಏನು ನಷ್ಟ? ಅಜ್ಜನಿಗೆ ಮಾತಾಡಲು ನಾಲ್ಕು ಹೊಸ ಜನ ಸಿಕ್ಕಿರುತ್ತಾರೆ. ಒಂಟಿತನವೂ ಡಿಮೆನ್ಶಿಯಾದ ಅಪಾಯ ಹೆಚ್ಚಿಸುತ್ತದೆ ಎಂದು ಲ್ಯಾನ್ಸೆಟ್ ಆಯೋಗದ 2024ರ ವರದಿ ಹೇಳಿದೆ. ಬದಲಾಯಿಸಬಹುದಾದ 14 ಕಾರಣಗಳನ್ನು ಆ ವರದಿ ಪಟ್ಟಿ ಮಾಡಿದೆ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕಿವಿ ಕೇಳಿಸದಿರುವುದು, ಕಣ್ಣು ಕಾಣಿಸದಿರುವುದು ಎಲ್ಲ ಅದರಲ್ಲಿವೆ. ಭಾಷೆ ಕಲಿಯುವವರು ಬಿಪಿ ಮಾತ್ರೆ ಬಿಡಬೇಕಿಲ್ಲ, ಬಿಡಲೂ ಬಾರದು.

ಭಾಷೆಯ ಹೆಸರಿನ ವ್ಯಾಪಾರ

ಫೋನಿನಲ್ಲಿ ದಿನಾ ಜಾಹೀರಾತು ಬರುತ್ತದೆ. ಮೂವತ್ತು ದಿನದಲ್ಲಿ ಇಂಗ್ಲಿಷ್, ದಿನಕ್ಕೆ ಹತ್ತು ನಿಮಿಷ ಆಟ ಆಡಿ ಮೆದುಳು ಚುರುಕು. ಇವರ ಬಗ್ಗೆ ಎಚ್ಚರ ಇರಲಿ. ಅಮೆರಿಕದಲ್ಲಿ ಲುಮೊಸಿಟಿ ಎಂಬ ಮೆದುಳಿನ ಆಟಗಳ ಕಂಪನಿ, ಸಾಕಷ್ಟು ಆಧಾರವಿಲ್ಲದೆ ವಯಸ್ಸಿನ ಮರೆವು ತಡೆಯುವ ಮಾತಾಡಿದ್ದಕ್ಕೆ 2016ರಲ್ಲಿ ಅಲ್ಲಿನ ವ್ಯಾಪಾರ ಆಯೋಗದ ಜೊತೆಗಿನ ಒಪ್ಪಂದದಂತೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಆ್ಯಪ್ ಬಳಸಬೇಡಿ ಅನ್ನುತ್ತಿಲ್ಲ. ದುಡ್ಡು ಕಟ್ಟುವ ಮೊದಲು ಪಕ್ಕದ ಮನೆಯ ಕಡೆ ನೋಡಿ ಅನ್ನುತ್ತಿದ್ದೇವೆ.

ಯಾಕೆಂದರೆ ಭಾಷೆ ಅಂದ ಕೂಡಲೇ ನಮಗೆ ಇಂಗ್ಲಿಷ್ ಒಂದೇ ನೆನಪಾಗುತ್ತದೆ. ಇಂಗ್ಲಿಷ್ ಕಲಿಯುವುದಾದರೆ ಕಲಿಯಿರಿ, ಅಡ್ಡಿಯಿಲ್ಲ. ಆದರೆ ಮೆದುಳಿಗೆ ಭಾಷೆಯ ಜಾತಿ ಗೊತ್ತಿಲ್ಲ. ತುಳು ಕಲಿತರೂ, ಕೊಂಕಣಿ ಕಲಿತರೂ, ಉರ್ದು ಕಲಿತರೂ ಅದಕ್ಕೆ ಕೆಲಸವೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯ ಕೆಲಸಗಾರರು ಬಂದಿದ್ದಾರೆ. ಅವರಿಗೆ ಕನ್ನಡ ಬೇಕು, ನಿಮಗೆ ಇನ್ನೊಂದು ಭಾಷೆ ಬೇಕು. ಸಂಜೆ ಅಂಗಡಿ ಕಟ್ಟೆಯಲ್ಲಿ ಕೂತರೆ ಇಬ್ಬರಿಗೂ ಪಾಠ, ಇಬ್ಬರಿಗೂ ಫೀಸು ಇಲ್ಲ.

ಹೀಗಂದರೆ ‘ನಾವ್ಯಾಕೆ ಅವರ ಭಾಷೆ ಕಲಿಯಬೇಕು, ಅವರೇ ಕನ್ನಡ ಕಲಿಯಲಿ’ ಎಂದು ಸಿಟ್ಟಾಗುವವರಿದ್ದಾರೆ. ಅವರು ಕನ್ನಡ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೇರಿಕೆಯನ್ನು ನಾವೂ ಒಪ್ಪುವುದಿಲ್ಲ. ಆದರೆ ಹೇರಿಸಿಕೊಳ್ಳುವುದು ಬೇರೆ, ನಾವಾಗಿ ಬಾಚಿಕೊಳ್ಳುವುದು ಬೇರೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರ ಮನೆಮಾತು ತಮಿಳು. ಇನ್ನೊಂದು ಭಾಷೆ ತಲೆಯಲ್ಲಿದ್ದದ್ದರಿಂದ ಅವರ ಕನ್ನಡ ಬಡವಾಗಲಿಲ್ಲ.

ಅಜ್ಜಿ ಮತ್ತು ಮೊಮ್ಮಗನ ನಡುವಿನ ಮೌನ

ಬೇಸಿಗೆ ರಜೆಯಲ್ಲಿ ಪೇಟೆಯಿಂದ ಬರುವ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷ್ ಬಿಟ್ಟು ಬೇರೆ ಸಲೀಸಾಗಿ ಬಾರದು. ಅಜ್ಜಿಗೆ ಇಂಗ್ಲಿಷ್ ಬಾರದು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು, ನಡುವೆ ಒಂದು ಫೋನ್ ಇಟ್ಟುಕೊಂಡು ಸುಮ್ಮನಿರುತ್ತಾರೆ. ಮಗುವಿಗೆ ಕನ್ನಡ ಕಲಿಸದ ಅಪ್ಪ ಅಮ್ಮಂದಿರ ಮೇಲೆ ನಮಗೆ ಸಿಟ್ಟಿದೆ. ಕಲಿಸಿ ಮಾರಾಯರೇ, ಎರಡು ಭಾಷೆ ನಿಮ್ಮ ಮಗುವಿಗೂ ಲಾಭವೇ.

ಆದರೆ ಅಲ್ಲಿಯವರೆಗೆ ಕಾಯಬೇಕೇ? ದಿನಕ್ಕೆ ಐದು ಪದ ಮೊಮ್ಮಗ ಅಜ್ಜಿಗೆ ಹೇಳಿಕೊಡಲಿ, ಐದು ಪದ ಅಜ್ಜಿ ಮೊಮ್ಮಗನಿಗೆ. ಅಜ್ಜಿ ತಪ್ಪು ಉಚ್ಚರಿಸಿದಾಗ ನಗಬೇಡಿ. ನಮ್ಮ ಹಿರಿಯರ ಕಲಿಕೆಯನ್ನು ಕೊಂದದ್ದು ವಯಸ್ಸಿಗಿಂತ ಹೆಚ್ಚಾಗಿ ಈ ನಗುವೇ.

ಪಂಚಾಯಿತಿಗೆ ನಮ್ಮ ಪ್ರಶ್ನೆ

ಸರ್ಕಾರದ ದೃಷ್ಟಿಯಲ್ಲಿ ಹಿರಿಯರ ಕಲಿಕೆ ಅಂದರೆ ಹೆಬ್ಬೆಟ್ಟಿನಿಂದ ಸಹಿಯವರೆಗೆ. 90ರ ದಶಕದ ಸಾಕ್ಷರತಾ ಆಂದೋಲನ ದೊಡ್ಡ ಕೆಲಸ ಮಾಡಿತು, ಇಲ್ಲವೆನ್ನುವುದಿಲ್ಲ. ಆದರೆ ಸಹಿ ಬಂದ ಮೇಲೆ ಏನು? ಪಿಂಚಣಿ, ರೇಷನ್ನು, ಆಮೇಲೆ ಜಗಲಿ. ಅಷ್ಟೇ.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಅದರ ಪ್ರಾದೇಶಿಕ ಭಾಷಾ ಕೇಂದ್ರಗಳಲ್ಲಿ ಕೆಲಸದಲ್ಲಿರುವ ಶಿಕ್ಷಕರು ಹತ್ತು ತಿಂಗಳು ಕೂತು ಇನ್ನೊಂದು ಭಾರತೀಯ ಭಾಷೆ ಕಲಿತು ಹೋಗುತ್ತಾರೆ. ದೊಡ್ಡವರಿಗೆ ಭಾಷೆ ಕಲಿಸುವ ವಿದ್ಯೆ ನಮ್ಮ ರಾಜ್ಯದ ನೆಲದಲ್ಲೇ ಇದೆ ಎಂದಾಯಿತು. ಅದು ಹಳ್ಳಿಗೆ ಯಾಕೆ ಬರಬಾರದು?

ಕಟ್ಟಡ ಬೇಕಿಲ್ಲ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ವಾರಕ್ಕೆ ಎರಡು ಮಧ್ಯಾಹ್ನ ಹಿರಿಯರಿಗೆಂದು ಮೀಸಲಿಡಿ. ಕಲಿಸಲು ಊರಿನಲ್ಲೇ ಇರುವ ಬೇರೆ ಭಾಷೆಯವರನ್ನು ಕರೆಯಿರಿ. ಪಟ್ಟಿ, ಪರೀಕ್ಷೆ, ಸರ್ಟಿಫಿಕೇಟು ಬೇಡ. ಚಹಾ ಇರಲಿ, ಮಾತಿರಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆ ಇಡಿ. ನಡಾವಳಿಯಲ್ಲಿ ಬರೆಸಿ.

ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಇನ್ನೊಂದು ವಿಷಯ ಕೇಳಿ. ಅಜ್ಜನಿಗೆ ಗೊತ್ತಿರುವ ದಾರಿ ತಪ್ಪುತ್ತಿದೆಯೇ, ಹೆಸರುಗಳು ಮರೆಯುತ್ತಿವೆಯೇ, ಕೇಳಿದ್ದನ್ನೇ ಕೇಳುತ್ತಿದ್ದಾರೆಯೇ? ಹಾಗಿದ್ದರೆ ಮಂತ್ರ ತಾಯಿತ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಇದೆಯೇ ವಿಚಾರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದ ಬರುವ ಮರೆವಿಗೆ ಚಿಕಿತ್ಸೆ ಇದೆ. ‘ಅರಳು ಮರಳು’ ಎಂದು ಬಿಟ್ಟರೆ ಅದೂ ಕೈತಪ್ಪುತ್ತದೆ.

ನಾಳೆಯಿಂದಲೇ

ದಿನಕ್ಕೆ ಮುಕ್ಕಾಲು ಗಂಟೆ ಸಾಕು, ವಾರಕ್ಕೆ ಐದು ಗಂಟೆ ದಾಟುತ್ತದೆ. ಬರೆಯಲು ಬಾರದಿದ್ದರೆ ಬೇಡ, ಕೇಳಿ ಆಡಿದರೆ ಸಾಕು. ಮೊದಲು ಕಿವಿ ಸರಿ ಕೇಳಿಸುತ್ತದೆಯೇ ಪರೀಕ್ಷೆ ಮಾಡಿಸಿ. ಎದುರಿಗೆ ಮಾತಾಡುವ ಮನುಷ್ಯ ಒಬ್ಬರು ಸಿಕ್ಕರೆ ಅದಕ್ಕಿಂತ ದೊಡ್ಡ ಆ್ಯಪ್ ಇಲ್ಲ. ‘ಊಟ ಆಯಿತೇ?’, ‘ಬೆಲೆ ಎಷ್ಟು?’, ‘ಮಳೆ ಬರುತ್ತಾ?’ ಇಷ್ಟರಿಂದ ಶುರು ಮಾಡಿ. ರೀಲ್ಸ್ ನೋಡುವ ಅಭ್ಯಾಸ ಇದ್ದರೆ ಕಲಿಯುವ ಭಾಷೆಯ ರೀಲ್ಸನ್ನೇ ನೋಡಿ.

ಈ ಬರಹ ಓದುತ್ತಿರುವ ನೀವು ಯುವಕರಾಗಿದ್ದರೆ, ಇದನ್ನು ಫಾರ್ವರ್ಡ್ ಮಾಡುವ ಮುಂಚೆ ಮನೆಯ ಹಿರಿಯರ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಕೇಳಿ: ‘ಅಜ್ಜಿ, ನಿನಗೆ ಯಾವ ಭಾಷೆ ಕಲಿಯಬೇಕು ಅಂತ ಆಸೆ ಇತ್ತು?’

ಈ ಪ್ರಶ್ನೆಯನ್ನು ಅವರಿಗೆ ಇಷ್ಟು ವರ್ಷ ಯಾರೂ ಕೇಳಿರಲಿಕ್ಕಿಲ್ಲ.